ಬಣ್ಣವೊಂದೇ, ಬಾವುಟ ಬೇರೆ

ಬಂಟ್ವಾಳದಿಂದ ಹೊರಟು, ಪುಂಜಾಲಕಟ್ಟೆ ಮಡಂತ್ಯಾರುಗಳನ್ನು ಹಾದು ಗುರುವಾಯನಕೆರೆಯನ್ನು ಸೇರಿ, ಅಲ್ಲಿಂದ ಬೆಳ್ತಂಗಡಿಯ ಕಡೆಗಾಗಲಿ ವೇಣೂರಿನ ಮಾರ್ಗವಾಗಿ ಮೂಡುಬಿದಿರೆಯ ಕಡೆಗಾಗಲಿ ಸಾಗುವ ಪ್ರಯಾಣಿಕನಿಗೆ, ಮಳೆಗಾಲ ಮುಗಿದು ಉತ್ಸವಗಳ ಕಾಲ ಆರಂಭವಾದೊಡನೆ, ದಾರಿಯ ಇಕ್ಕೆಲಗಳಲ್ಲಿ ಕಾಣಸಿಗುವ ಬಾವುಟಗಳ ವೈವಿಧ್ಯ ಸಾಮಾನ್ಯವಾದುದಲ್ಲ. ರಿಕ್ಷಾ ನಿಲ್ದಾಣದ ಕಂಬದಲ್ಲಿ ಹಳದಿ-ಕೆಂಪಿನ ಕನ್ನಡ ಬಾವುಟ, ಗುರುಮಂದಿರದ ಮುಂದೆ ಅಚ್ಚ ಹಳದಿಯದು, ಬಸದಿಯ ದ್ವಾರದಲ್ಲಿ ಐದು ಬಣ್ಣದ್ದು, ದರ್ಗಾದ ಅಂಗಳದಲ್ಲಿ ಹಸುರು, ದೇವಸ್ಥಾನದ ಕೊಡಿಮರದಲ್ಲಿ ದೇವರ ವಾಹನದ ಚಿತ್ರವಿರುವ ಉದ್ದನೆಯ ಪಟ. ಇವುಗಳ ನಡುವೆ, ಇತ್ತೀಚಿನ ವರ್ಷಗಳಲ್ಲಿ, ಸೂರ್ಯಚಂದ್ರರ ಚಿಹ್ನೆಯುಳ್ಳ ತುಳು ಬಾವುಟ. ಬಣ್ಣದ ಹೋಲಿಕೆಯೊಂದನ್ನೇ ಆಧಾರವಾಗಿಟ್ಟುಕೊಂಡು, ಇದು ಇಂಥವರದು, ಇದು ಇಷ್ಟು ಪ್ರಾಚೀನವಾದುದು, ಇದು ಅದಕ್ಕೆ ವಿರುದ್ಧವಾದುದು ಎಂದು ನಿರ್ಣಯಿಸಿಬಿಡುವವರು ಹಲವರು. ಆ ನಿರ್ಣಯಗಳಲ್ಲಿ ಬಹುಪಾಲು ತಪ್ಪು. ಕೆಲವಂತೂ ನೆರೆಹೊರೆಯವರ ನಡುವೆ ವಿನಾಕಾರಣ ಸಂಶಯವನ್ನು ಬಿತ್ತುವಷ್ಟು ಅಪಾಯಕರ. ಆದಕಾರಣ ಈ ವಿಷಯವನ್ನು ಸಾವಧಾನವಾಗಿ ವಿಚಾರಿಸುವುದು ಯುಕ್ತ.

ಕನ್ನಡ ಬಾವುಟವು ಕದಂಬರ ಕಾಲದಿಂದಲೂ, ಅಲ್ಲದಿದ್ದರೆ ವಿಜಯನಗರದ ಕಾಲದಿಂದಲಾದರೂ ಹಾರುತ್ತ ಬಂದಿದೆ ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಕದಂಬರ ಲಾಂಛನ ಸಿಂಹ, ಚಾಲುಕ್ಯರದು ವರಾಹ, ಹೊಯ್ಸಳರದು ಹುಲಿಯೊಡನೆ ಹೋರಾಡುವ ಸಳ, ವಿಜಯನಗರದವರು ವರಾಹದೊಡನೆ ಖಡ್ಗವನ್ನೂ ಸೂರ್ಯಚಂದ್ರರನ್ನೂ ಧರಿಸಿದರು. ಅರಿಶಿನ ಕುಂಕುಮಗಳ ನೆನಪನ್ನು ತರುವ ಈ ದ್ವಿವರ್ಣದ ಬಾವುಟವಾದರೋ, ಪತ್ರಕರ್ತರೂ ಕನ್ನಡ ಚಳವಳಿಯ ಮುಂದಾಳುಗಳೂ ಆಗಿದ್ದ ಮ. ರಾಮಮೂರ್ತಿಯವರು 1960ರ ದಶಕದಲ್ಲಿ ತಮ್ಮ ಕನ್ನಡ ಪಕ್ಷಕ್ಕಾಗಿ ರೂಪಿಸಿದುದು. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯು 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಕೂಡಿಕೊಂಡು, ಕಾಸರಗೋಡು ಕೇರಳಕ್ಕೆ ಹೋದಾಗ ಈ ಬಾವುಟ ಹುಟ್ಟಿಯೇ ಇರಲಿಲ್ಲ. ರಾಜ್ಯಕ್ಕೆ ಕರ್ನಾಟಕವೆಂಬ ನಾಮಧೇಯ ಲಭಿಸಿದ 1973ರ ವೇಳೆಗಾದರೋ ಅದು ಜನರ ಕೈಯಲ್ಲಿತ್ತು. ಒಂದು ಪಕ್ಷದ ಬಾವುಟವಾಗಿ ಹುಟ್ಟಿದುದು, ಪಕ್ಷವು ಮರೆಯಾದ ಬಳಿಕವೂ ಸಮಸ್ತ ಜನತೆಯ ಬಾವುಟವಾಗಿ ಉಳಿದುದು, ಯಾವ ರಾಜವಂಶದ ಹಳಮೆಗಿಂತಲೂ ದೊಡ್ಡ ಗೌರವವೆಂದು ನಾನು ಭಾವಿಸುತ್ತೇನೆ. ಅದಕ್ಕೆ ಇಲ್ಲದ ಪ್ರಾಚೀನತೆಯನ್ನು ಆರೋಪಿಸುವ ಅಗತ್ಯವೇನೂ ಇಲ್ಲ.

ಇದೇ ಬಾವುಟವನ್ನು ಕುರಿತು ಪರಸ್ಪರ ವಿರುದ್ಧವಾದ ಇನ್ನೆರಡು ಭ್ರಮೆಗಳುಂಟು: ಇದು ರಾಜ್ಯದ ಅಧಿಕೃತ ಧ್ವಜವೆಂಬುದೊಂದು, ರಾಜ್ಯಕ್ಕೆ ಪ್ರತ್ಯೇಕ ಧ್ವಜವಿರುವುದೇ ಕಾನೂನುಬಾಹಿರವೆಂಬುದು ಮತ್ತೊಂದು. ಎರಡೂ ಸರಿಯಲ್ಲ. 2018ರ ಮಾರ್ಚ್ 8ರಂದು ರಾಜ್ಯ ಸರ್ಕಾರವು ಹಳದಿ, ಬಿಳಿ, ಕೆಂಪು ಪಟ್ಟಿಗಳ ನಡುವೆ ಗಂಡಭೇರುಂಡವನ್ನಿರಿಸಿದ ಒಂದು ವಿನ್ಯಾಸವನ್ನು ಅಂಗೀಕರಿಸಿ ಕೇಂದ್ರದ ಅನುಮೋದನೆಗಾಗಿ ಕಳುಹಿಸಿತು; ಅದು ಅಲ್ಲಿಗೇ ನಿಂತಿತು. ಕಾನೂನಿನ ಮಾತಿಗೆ ಬಂದರೆ, ರಾಜ್ಯವೊಂದು ತನ್ನದೇ ಧ್ವಜವನ್ನು ಹೊಂದುವುದನ್ನು ಸಂವಿಧಾನವು ನಿಷೇಧಿಸಿಲ್ಲವೆಂಬುದಕ್ಕೆ, ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್. ಆರ್. ಬೊಮ್ಮಾಯಿಯವರ ಹೆಸರಿನಿಂದ ಪ್ರಸಿದ್ಧವಾದ 1994ರ ಸುಪ್ರೀಂ ಕೋರ್ಟಿನ ತೀರ್ಪನ್ನು ಉದಾಹರಿಸುವುದು ವಾಡಿಕೆ. ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಿ ಬೇರೆ ಯಾವುದನ್ನೂ ಏರಿಸಬಾರದೆಂಬ ನಿಯಮವುಂಟು, ಅದನ್ನು ಪಾಲಿಸಬೇಕು. ಅದರಾಚೆಗೆ ಹಳದಿ-ಕೆಂಪನ್ನು ಕಂಡು ದೇಶದ ಐಕ್ಯಕ್ಕೆ ಭಂಗ ಬಂದಿತೆಂದು ಕಳವಳಪಡುವುದಕ್ಕೆ ಕಾರಣವಿಲ್ಲ.

ಗುರುಮಂದಿರಗಳ ಮುಂದಿರುವ ಹಳದಿಯು ಇದರಿಂದ ಸಂಪೂರ್ಣವಾಗಿ ಭಿನ್ನವಾದುದು. ಅದು ಕನ್ನಡ ಬಾವುಟದ ಅರ್ಧಭಾಗವೂ ಅಲ್ಲ, ಯಾವ ರಾಜಕೀಯ ಪಕ್ಷದ ಗುರುತೂ ಅಲ್ಲ. ಶಿವಗಿರಿಯ ಯಾತ್ರಿಕರು ಪೀತವಸ್ತ್ರವನ್ನುಟ್ಟು ಬರಬೇಕೆಂಬುದಕ್ಕೆ ಬ್ರಹ್ಮಶ್ರೀ ನಾರಾಯಣ ಗುರುಗಳು 1928ರಲ್ಲಿ ಸಮ್ಮತಿಯಿತ್ತರು. ಅಂದಿನಿಂದ ಆ ವರ್ಣವು ಅವರ ಅನುಯಾಯಿಗಳ ಗುರುತಾಯಿತು. ಅದಕ್ಕೆ ಬಹಳ ಮೊದಲೇ, 1912ರಲ್ಲಿ, ಗುರುಗಳು ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ್ದರು. ದೇವಾಲಯಗಳ ಒಳಗೆ ಕಾಲಿಡಲು ಅವಕಾಶವಿಲ್ಲದಿದ್ದ ಬಿಲ್ಲವರು ತಮ್ಮದೆಂಬ ದೇವಸನ್ನಿಧಿಯನ್ನು ಪಡೆದ ಆ ಚರಿತ್ರೆಯ ನೆನಪು ಬಂಟ್ವಾಳ, ಬೆಳ್ತಂಗಡಿಗಳ ಹಳ್ಳಿಗಳಲ್ಲಿ ಹಾರುವ ಈ ಹಳದಿಯಲ್ಲಿದೆ.

ಇನ್ನು ತುಳು ಬಾವುಟದ ವಿಚಾರ. ಇಲ್ಲಿ ತುಸು ನಿಂತು ನೋಡಬೇಕು. ಈ ಬಾವುಟವು ಹಿಂದೆ ತುಳುನಾಡನ್ನಾಳಿದ ಅಳುಪ ಅರಸರ ರಾಜಧ್ವಜವೇ ಆಗಿತ್ತೆಂದು ಅಭಿಮಾನಿಗಳು ಹೇಳುವುದನ್ನು ಕೇಳುತ್ತೇವೆ. ಆದರೆ ಅಳುಪರು ಟಂಕಿಸಿದ ನಾಣ್ಯಗಳನ್ನು ನೋಡಿದರೆ ಅವರ ಲಾಂಛನ ಜೋಡಿ ಮೀನೆಂಬುದು ಸ್ಪಷ್ಟ. ಹಾಗಾದರೆ ಸೂರ್ಯಚಂದ್ರರು ಎಲ್ಲಿಂದ ಬಂದರು? ಈ ಪ್ರದೇಶದ ಯಾವುದೇ ಹಳೆಯ ಬಸದಿಯ ಅಥವಾ ದೇವಸ್ಥಾನದ ಅಂಗಳದಲ್ಲಿ ನಿಂತಿರುವ ದಾನಶಾಸನವೊಂದರ ಬಳಿ ಹೋಗಿ, ಮೇಲ್ಭಾಗದ ಪಾಚಿಯನ್ನು ಅಂಗೈಯಿಂದ ಮೆಲ್ಲನೆ ಸವರಿದರೆ, ಕಲ್ಲಿನ ಕಮಾನಿನಂಥ ನೆತ್ತಿಯ ಒಂದು ಬದಿಗೆ ದುಂಡನೆಯ ಸೂರ್ಯನೂ ಇನ್ನೊಂದು ಬದಿಗೆ ಬಾಲಚಂದ್ರನೂ ಬೆರಳಿಗೆ ತಾಕುತ್ತಾರೆ. ನಡುವೆ, ಬಸದಿಯಾದರೆ ಪರ್ಯಂಕಾಸನದ ಜಿನ, ಶಿವಾಲಯವಾದರೆ ಲಿಂಗ. ಚಂದ್ರಸೂರ್ಯರಿರುವ ತನಕ ಈ ಗದ್ದೆಯ ಹುಟ್ಟುವಳಿ ಈ ದೇವರಿಗೇ ಸಲ್ಲತಕ್ಕದ್ದು ಎಂಬ ಪ್ರತಿಜ್ಞೆಯ ಸಾಕ್ಷಿಗಳವರು. ಯಾವ ರಾಜ್ಯದ ಗುರುತೂ ಅಲ್ಲ, ಯಾವ ಭಾಷೆಯ ಗುರುತೂ ಅಲ್ಲ. ಘಟ್ಟದ ಮೇಲಿನ ಕನ್ನಡ ಶಾಸನಗಳಲ್ಲೂ ಅವರೇ ಇದ್ದಾರೆ. ನೇಪಾಳದ ಧ್ವಜದಲ್ಲಿಯೂ ಸೂರ್ಯಚಂದ್ರರಿದ್ದಾರೆಂದು ತುಳುನಾಡಿಗೂ ನೇಪಾಳಕ್ಕೂ ಸಂಬಂಧ ಕಲ್ಪಿಸುವುದು ಎಷ್ಟು ಅಸಂಗತವೋ, ಆ ಚಿಹ್ನೆಯನ್ನು ಒಂದೇ ಕುಲಕ್ಕೆ ಮೀಸಲಿಡುವುದೂ ಅಷ್ಟೇ ಅಸಂಗತ.

ಹೀಗೆಂದ ಮಾತ್ರಕ್ಕೆ ತುಳು ಬಾವುಟಕ್ಕೆ ಬೆಲೆಯಿಲ್ಲವೆಂದು ತಿಳಿಯಬಾರದು. 2011ರ ಜನಗಣತಿಯಲ್ಲಿ ಸುಮಾರು 18 ಲಕ್ಷ ಜನ ತಮ್ಮ ತಾಯ್ನುಡಿಯೆಂದು ಹೇಳಿಕೊಂಡ ಭಾಷೆಯು ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸ್ಥಾನ ದೊರೆಯದೆ ಇರುವಾಗ, ಆ ಜನರು ತಮ್ಮ ಅಸ್ತಿತ್ವವನ್ನು ಕಣ್ಣಿಗೆ ಕಾಣುವಂತೆ ತೋರಿಸಲು ಒಂದು ಬಾವುಟವನ್ನು ಹಿಡಿಯುವುದು ಸಹಜವೂ ನ್ಯಾಯವೂ ಆದುದು. ಅನುಸೂಚಿಯಲ್ಲಿ ಸ್ಥಾನ ಬೇಕೆಂಬ ಅವರ ಕೋರಿಕೆಯು ಕನ್ನಡಕ್ಕೆ ಎದುರಾದುದೆಂಬ ಭಾವನೆಯೇ ಎಲ್ಲ ತಪ್ಪು ಕಲ್ಪನೆಗಳಲ್ಲಿ ನನಗೆ ಅತ್ಯಂತ ನೋವುಂಟುಮಾಡುವುದು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ, ಅವರ ಸುತ್ತಮುತ್ತಲಿನ ಮಾತು ತುಳು, ಬರೆದುದು ಕನ್ನಡದಲ್ಲಿ. ತುಳು ಪಾಡ್ದನಗಳ ವೀರರಾದ ಕೋಟಿ ಚೆನ್ನಯರ ಕಥೆಯನ್ನು ಅವರು ಕನ್ನಡದ ಮಕ್ಕಳಿಗೆ ಕೊಟ್ಟರು. ಕೊಡಗಿನವರು ಇಂದಿಗೂ ಹೆಮ್ಮೆಯಿಂದ ಹಾಡುವ ಹುತ್ತರಿ ಹಾಡೂ ಅವರದೇ. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಸಂದಿತು. ಅದಕ್ಕೂ ಮೂರೂವರೆ ಶತಮಾನಗಳ ಹಿಂದೆ, ತುಳುನಾಡಿನ ನಟ್ಟನಡುವಣ ಮೂಡುಬಿದಿರೆಯಲ್ಲಿ ಕುಳಿತು ರತ್ನಾಕರವರ್ಣಿಯು ಭರತೇಶ ವೈಭವವನ್ನು ಕನ್ನಡದ ಸಾಂಗತ್ಯದಲ್ಲಿ ಹಾಡಿದನು. ಇವರ ಕೈಗೆ ಯಾವ ಒಂದು ಬಾವುಟವನ್ನು ಕೊಡಬಲ್ಲೆವು?

ಮೂಡುಬಿದಿರೆಯ ಹೆಸರು ಬಂದುದರಿಂದ ಐದು ಬಣ್ಣಗಳ ಜೈನಧ್ವಜದ ವಿಷಯವನ್ನೂ ಹೇಳಬೇಕು. ಸಾವಿರ ಕಂಬದ ಬಸದಿಯ ನಿರ್ಮಾಣ ಆರಂಭವಾದುದು 1430ರಲ್ಲಿ. ಅದರ ದ್ವಾರದಲ್ಲಿ ಕಾಣುವ ಧ್ವಜವೂ ಅಷ್ಟೇ ಹಳೆಯದೆಂದು ಯಾತ್ರಿಕರು ಭಾವಿಸುತ್ತಾರೆ. ವಸ್ತುತಃ ಮಹಾವೀರ ಸ್ವಾಮಿಯ 2500ನೆಯ ನಿರ್ವಾಣೋತ್ಸವದ ಸಂದರ್ಭದಲ್ಲಿ, 1974-75ರಲ್ಲಿ, ಎಲ್ಲ ಪಂಥಗಳ ಜೈನರೂ ಒಮ್ಮತದಿಂದ ಸ್ವೀಕರಿಸಿದ ಧ್ವಜವದು. ಆ ಕಾರ್ಯದಲ್ಲಿ ಪ್ರಮುಖರಾದ ವಿದ್ಯಾನಂದ ಮುನಿಗಳು ನಮ್ಮ ಬೆಳಗಾವಿ ಜಿಲ್ಲೆಯ ಶೇಡಬಾಳದಲ್ಲಿ ಜನಿಸಿದವರು. ಬಿಳಿ ಅರಿಹಂತರಿಗೆ, ಕೆಂಪು ಸಿದ್ಧರಿಗೆ, ಹಳದಿ ಆಚಾರ್ಯರಿಗೆ, ಹಸುರು ಉಪಾಧ್ಯಾಯರಿಗೆ, ಕಡುನೀಲಿ ಅಥವಾ ಕಪ್ಪು ಸಾಧುಗಳಿಗೆ. ಪಂಚಪರಮೇಷ್ಠಿಗಳಿಗೆ ಐದು ವರ್ಣ. ನಡುವಣ ಬಿಳಿಯ ಪಟ್ಟಿಯಲ್ಲಿ ಸ್ವಸ್ತಿಕ, ಅದರ ಮೇಲೆ ಮೂರು ಬಿಂದು, ಅದರ ಮೇಲೆ ಬಾಲಚಂದ್ರನಂಥ ಒಂದು ರೇಖೆ. ಸ್ವಸ್ತಿಕದ ನಾಲ್ಕು ಬಾಹುಗಳು ಜೀವವು ಅಲೆಯುವ ನಾಲ್ಕು ಗತಿಗಳು, ಬಿಂದುಗಳು ರತ್ನತ್ರಯ, ಮೇಲಿನದು ಮುಕ್ತಜೀವರು ನೆಲೆಸುವ ಸಿದ್ಧಶಿಲೆ. ಶಾಸನದ ಚಂದ್ರನಿಗೂ ಇದಕ್ಕೂ ಆಕಾರದಲ್ಲಿ ಸಾಮ್ಯ. ಅರ್ಥದಲ್ಲಿ ಲವಲೇಶವೂ ಇಲ್ಲ.

ಇದನ್ನು ಬೌದ್ಧಧ್ವಜವೆಂದು ತಿಳಿಯುವವರೂ ಇದ್ದಾರೆ. ಬೌದ್ಧಧ್ವಜವು 1885ರ ವೈಶಾಖ ಪೂರ್ಣಿಮೆಯಂದು ಸಿಂಹಳದ ಕೊಲಂಬೊ ನಗರದಲ್ಲಿ ಮೊದಲು ಏರಿದುದು. ಅದರ ನೀಲಿ, ಹಳದಿ, ಕೆಂಪು, ಬಿಳಿ, ಕಿತ್ತಳೆ ಪಟ್ಟಿಗಳು ಲಂಬವಾಗಿ ನಿಂತಿವೆ, ತುದಿಯ ಆರನೆಯ ಪಟ್ಟಿಯಲ್ಲಿ ಐದೂ ಬಣ್ಣಗಳು ಅಡ್ಡಲಾಗಿ ಕೂಡಿವೆ. ಜೈನಧ್ವಜದ ಪಟ್ಟಿಗಳಾದರೋ ಅಡ್ಡಲಾಗಿಯೇ ಇವೆ, ಹಸುರು ಅದರಲ್ಲುಂಟು, ಬೌದ್ಧಧ್ವಜದಲ್ಲಿಲ್ಲ. ಚಾರ್ಮಾಡಿ ಘಾಟಿಯನ್ನೇರುವ ಬೈಕುಗಳ ಮೇಲೆ ಸಾಲಾಗಿ ಕಟ್ಟಿಕೊಂಡು ಹೋಗುವ ಐದು ಬಣ್ಣದ ತುಂಡುಗಳು ಮೂರನೆಯವು: ಅವು ಟಿಬೆಟಿಯನ್ನರ ಪ್ರಾರ್ಥನಾ ಪತಾಕೆಗಳು, ಆಕಾಶ, ವಾಯು, ಅಗ್ನಿ, ಜಲ, ಪೃಥ್ವಿಗಳೆಂಬ ಪಂಚಭೂತಗಳ ಸಂಕೇತ. ಅವುಗಳ ಮೇಲೆ ಅಚ್ಚಾಗಿರುವುದು ಮಂತ್ರ; ಅಲಂಕಾರಕ್ಕೆಂದು ಕಟ್ಟುವವರು ಇಷ್ಟನ್ನಾದರೂ ತಿಳಿದಿರಬೇಕು.

ಸಾವಿರ ಕಂಬದ ಬಸದಿಯ ಮುಂದಣ ಸುಮಾರು 50 ಅಡಿ ಎತ್ತರದ ಏಕಶಿಲಾ ಮಾನಸ್ತಂಭವನ್ನು ಧ್ವಜಸ್ತಂಭವೆಂದು ಕರೆಯುವುದೂ ಸರಿಯಲ್ಲ. ಅದಕ್ಕೆ ಬಾವುಟ ಏರುವುದಿಲ್ಲ. ಅದರ ನೆತ್ತಿಯ ಪುಟ್ಟ ಮಂಟಪ ಜಿನಬಿಂಬದ ನೆಲೆ, ಬರುವವನ ಅಹಂಕಾರವನ್ನು ಕಳೆಯುವುದು ಅದರ ಉದ್ದೇಶ. ಕಂಬಳದ ಕರೆಯ ಮೇಲೆ ಎತ್ತರದಲ್ಲಿ ಅಡ್ಡ ಕಟ್ಟಿದ ಬಿಳಿಯ ಬಟ್ಟೆಯನ್ನೂ ಹೊಸಬರು ಬಾವುಟವೆಂದೇ ತಿಳಿಯುವುದುಂಟು. ಅದು ನಿಶಾನೆ, ಕನೆಹಲಗೆಯ ಓಟದಲ್ಲಿ ಕೋಣಗಳು ಚಿಮ್ಮಿಸಿದ ಕೆಸರುನೀರು ಆರೂವರೆ ಕೋಲಿಗೆ ಮುಟ್ಟಿತೋ ಏಳೂವರೆ ಕೋಲಿಗೆ ಮುಟ್ಟಿತೋ ಎಂದು ಅಳೆಯುವ ಗುರುತು.

ಹಸುರಿನ ವಿಷಯದಲ್ಲಿ ತಪ್ಪು ತಿಳಿವಳಿಕೆಯು ಕೇವಲ ಅಜ್ಞಾನವಾಗಿ ಉಳಿಯುವುದಿಲ್ಲ, ಜಗಳವಾಗಿ ಬೆಳೆಯುತ್ತದೆ. ಮೀಲಾದ್ ಮೆರವಣಿಗೆಯಲ್ಲಿ ಅರ್ಧಚಂದ್ರ ನಕ್ಷತ್ರಗಳಿರುವ ಹಸುರು ಬಾವುಟ ಕಂಡೊಡನೆ ಪಾಕಿಸ್ತಾನದ ಧ್ವಜವೆಂದು ಕೂಗೆಬ್ಬಿಸುವವರು, ಒಮ್ಮೆ ಕಂಬದ ಪಕ್ಕದ ಅಂಚನ್ನು ನೋಡಬೇಕು. ಪಾಕಿಸ್ತಾನವು 1947ರ ಆಗಸ್ಟ್ 11ರಂದು ಅಂಗೀಕರಿಸಿದ ಧ್ವಜದಲ್ಲಿ ಆ ಅಂಚಿಗೆ ಅಗಲವಾದ ಬಿಳಿಯ ಪಟ್ಟಿ ನೆಟ್ಟಗೆ ನಿಂತಿದೆ. ಈ ಬಾವುಟಗಳಲ್ಲಿ ಆ ಪಟ್ಟಿಯಿಲ್ಲ. ಕೇರಳದಲ್ಲಿ ಪ್ರಬಲವಾದ, 1948ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಮುಸ್ಲಿಂ ಲೀಗ್ ಪಕ್ಷದ ಬಾವುಟವೂ ಇಡಿಯಾಗಿ ಹಸುರು, ಮೂಲೆಯಲ್ಲಿ ಚಂದ್ರ ನಕ್ಷತ್ರ. ಅದು ಭಾರತದ ಸಂಸತ್ತಿಗೆ ಸದಸ್ಯರನ್ನು ಕಳುಹಿಸುವ ಭಾರತೀಯ ಪಕ್ಷ. ಬೆಳ್ತಂಗಡಿ ತಾಲೂಕಿನ ಕಾಜೂರಿನಂಥ ದರ್ಗಾಗಳ ಹಸುರಾದರೋ ರಾಜಕೀಯವನ್ನೇ ಅರಿಯದ್ದು. ಕರಾವಳಿಯಲ್ಲಿ ಉರೂಸಿನ ಆರಂಭವನ್ನು ಧ್ವಜ ಏರಿಸಿಯೇ ಸಾರುತ್ತಾರೆ. ಪೊಳಲಿಯಲ್ಲಿ ರಾಜರಾಜೇಶ್ವರಿಯ ತಿಂಗಳ ಜಾತ್ರೆಗೂ ಕೊಡಿ ಏರಲೇಬೇಕು. ಬಟ್ಟೆ ಮೇಲೇರಿತೆಂದರೆ ಊರಿಗೆ ಹಬ್ಬ ಬಂದಿತೆಂದು ತಿಳಿಯುವ ಈ ಪದ್ಧತಿಯನ್ನು ಇಲ್ಲಿನ ಜನರು ಧರ್ಮಭೇದವಿಲ್ಲದೆ ಪಾಲಿಸಿಕೊಂಡು ಬಂದಿದ್ದಾರೆ.

ಕೊನೆಯದಾಗಿ, 1837ರ ರೈತದಂಗೆಯಲ್ಲಿ ಮಂಗಳೂರಿನಲ್ಲಿ ಏರಿದ ಬಾವುಟವನ್ನು ಇಂದಿನ ತುಳು ಬಾವುಟವೆಂದೋ ಕನ್ನಡ ಬಾವುಟವೆಂದೋ ಚಿತ್ರಿಸುವ ಪ್ರವೃತ್ತಿಯೊಂದಿದೆ. ಎರಡರಲ್ಲಿ ಯಾವುದೂ ಆಗಿರಲು ಸಾಧ್ಯವಿಲ್ಲ. ಕೊಡಗಿನ ಹಾಲೇರಿ ಅರಸೊತ್ತಿಗೆ 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವಶವಾಗಿ, ಅಮರ ಸುಳ್ಯದ ಮಾಗಣೆಗಳು ಕೆನರಾ ಜಿಲ್ಲೆಗೆ ಸೇರಿ, ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿಯೇ ಕೊಡಬೇಕೆಂಬ ಕಟ್ಟಳೆ ಬಂದಾಗ, ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ರೈತರು ಎದ್ದರು. ಹಾಲೇರಿ ವಂಶದವನೆನಿಸಿದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ನಡೆದರು. ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರು, ಪಾಣೆಮಂಗಳೂರು, ಬಂಟ್ವಾಳಗಳ ಮೂಲಕ ಮುಂದುವರಿದು, ಏಪ್ರಿಲ್ 5ರಂದು ಮಂಗಳೂರನ್ನು ಕೈವಶಮಾಡಿಕೊಂಡು 13 ದಿನ ಆಳಿದರು. ಆ ದಂಡಿನಲ್ಲಿ ಅರೆಭಾಷೆಯ ಗೌಡರಿದ್ದರು, ತುಳುವರಿದ್ದರು. ದಂಡು ಕೂಗಿದ ಹೆಸರು ವೀರಶೈವ ಅರಸುಮನೆಯದು. ಇಂದಿನ ಬೆಳ್ತಂಗಡಿ ತಾಲೂಕಿನ ಬಂಗಾಡಿಯಲ್ಲಿ ಆಳಿದ ಜೈನ ವಂಶಕ್ಕೆ ಸೇರಿ, ಬಂಟ್ವಾಳದ ನಂದಾವರದಲ್ಲಿ ನೆಲೆಸಿದ್ದ ಲಕ್ಷ್ಮಪ್ಪ ಬಂಗರಸನೂ ಅವರನ್ನು ಕೂಡಿಕೊಂಡನು. ದಂಗೆ ಅಡಗಿದ ಮೇಲೆ ಕಂಪೆನಿ ಸರ್ಕಾರವು ಅವನನ್ನೂ ಕಲ್ಯಾಣಸ್ವಾಮಿಯೆನಿಸಿಕೊಂಡವನನ್ನೂ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿತು.