ಶೇಕಡಾ 80 ತೋರಿಸಿ ಆಫ್ ಆಗೋ ಬ್ಯಾಟರಿ: ಲೈಮ್ ಕಾಯಿಲೆ ನಂತರದ ಸುಸ್ತಿನ ಬಗ್ಗೆ

ಕಳೆದ ಸಂಚಿಕೆ ಬರೋಕೆ ಮೂರೇ ದಿನ ಬಾಕಿ ಇತ್ತು. ಪ್ರೂಫ್ ನೋಡಿಕೊಡ್ತೀನಿ ಅಂತ ಒಪ್ಪಿಕೊಂಡಿದ್ದ ನಮ್ಮ ಸೀನಿಯರ್ ಅಕ್ಕ ಎರಡು ದಿನ ಮೆಸೇಜಿಗೆ ಉತ್ತರವನ್ನೇ ಕೊಡಲಿಲ್ಲ. ಅವರು ಎಂ.ಎಸ್. ಓದೋಕೆ ಅಮೆರಿಕದ ನ್ಯೂಜೆರ್ಸಿಗೆ ಹೋಗಿದ್ದಾರೆ. ಹಿಂದಿನ ದಿನವಷ್ಟೇ ಅಲ್ಲಿನ ಗಣೇಶ ಹಬ್ಬದ ಫೋಟೋ ಹಾಕಿದ್ದರು, ಸೀರೆ ಉಟ್ಟು ನಗ್ತಾ ಇದ್ದರು. "ಹಬ್ಬಕ್ಕೆ ಟೈಮ್ ಇದೆ, ನಮಗಿಲ್ಲ" ಅಂತ ನಾವು ಗ್ರೂಪಲ್ಲಿ ಮಾತಾಡಿಕೊಂಡೆವು.

ಮೂರನೇ ದಿನ ಅವರೇ ಕಾಲ್ ಮಾಡಿದರು. "ಸಾರಿ ಕಣ್ರೋ, ಎರಡು ದಿನ ಹಾಸಿಗೆಯಿಂದ ಏಳೋಕೇ ಆಗಲಿಲ್ಲ. ಫೋನ್ ನೋಡಿದರೂ ತಲೆ ಸುತ್ತುತ್ತಿತ್ತು" ಅಂದರು. ಬೇಸಿಗೆಯಲ್ಲಿ ಅವರಿಗೆ ಲೈಮ್ ಕಾಯಿಲೆ ಬಂದು ವಾಸಿಯಾಗಿದ್ದು ನಮಗೆ ಗೊತ್ತಿತ್ತು. ವಾಸಿಯಾದ ಮೇಲೂ ಸುಸ್ತು ಹೀಗೆ ತಿರುಗಿ ಬರುತ್ತೆ ಅನ್ನೋದು ಗೊತ್ತಿರಲಿಲ್ಲ. ಅವರ ಒಪ್ಪಿಗೆ ತಗೊಂಡೇ ಇದನ್ನು ಬರೀತಿದ್ದೀವಿ.

ಏನಿದು ಲೈಮ್?

ಹೆಸರು ನೋಡಿ ನಿಂಬೆಹಣ್ಣು ಅಂದ್ಕೋಬೇಡಿ. ಲೈಮ್ ಅನ್ನೋದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ಊರು. 1975ರ ಸುಮಾರಿಗೆ ಅಲ್ಲಿನ ಮಕ್ಕಳಲ್ಲಿ ಕೀಲು ಊದಿಕೊಳ್ಳೋದು ಜಾಸ್ತಿಯಾದಾಗ ವೈದ್ಯರು ಹುಡುಕಾಟ ಶುರು ಮಾಡಿದರು. 1980ರ ದಶಕದ ಆರಂಭದಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಉಣ್ಣಿಯೊಳಗೆ ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಕಂಡುಹಿಡಿದರು. ಅದಕ್ಕೆ ಅವರದೇ ಹೆಸರಿದೆ: ಬೊರೆಲಿಯಾ ಬರ್ಗ್‌ಡಾರ್ಫೆರಿ.

ಉಣ್ಣಿ ಅಂದರೆ ಹಸು, ನಾಯಿ ಮೈಗೆ ಕಚ್ಚಿಕೊಂಡಿರುತ್ತಲ್ಲ, ಅದೇ. ಮಲೆನಾಡಿನ ಗೆಳೆಯರು ಉಣುಗು ಅಂತಾರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಗುರುತಿಸಿದ ಮಂಗನ ಕಾಯಿಲೆಯೂ ಉಣ್ಣಿಯಿಂದಲೇ ಹರಡೋದು. ಆದರೆ ಅದು ವೈರಸ್, ಇದು ಬ್ಯಾಕ್ಟೀರಿಯಾ. ಉಣ್ಣಿಯ ಜಾತಿಯೂ ಬೇರೆ.

ಲೈಮ್ ಹರಡೋ ಮರಿ ಉಣ್ಣಿ ಗಸಗಸೆ ಕಾಳಿನಷ್ಟು ಚಿಕ್ಕದು. ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿದ್ದರೆ ಮಾತ್ರ ಸೋಂಕು ದಾಟುತ್ತೆ. ಮುಂದೆ ಆ ಕಡೆ ಓದೋಕೆ ಹೋಗೋರು ಇದನ್ನ ನೆನಪಿಟ್ಟುಕೊಳ್ಳಿ: ಕಾಡಲ್ಲಿ, ಹುಲ್ಲಲ್ಲಿ ಓಡಾಡಿ ಬಂದ ದಿನವೇ ಮೈ ಪೂರ್ತಿ ನೋಡಿಕೊಳ್ಳಬೇಕು. ಚರ್ಮದ ಮೇಲೆ ದಿನೇ ದಿನೇ ಅಗಲವಾಗೋ ಕೆಂಪು ಗುರುತು ಕಂಡರೆ ತಕ್ಷಣ ಡಾಕ್ಟರ್ ಹತ್ತಿರ ಹೋಗಬೇಕು. ಬೇಗ ಸಿಕ್ಕಿದರೆ ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯೋಟಿಕ್ 10ರಿಂದ 14 ದಿನ ತಗೊಂಡರೆ ಬಹುತೇಕರಿಗೆ ವಾಸಿಯಾಗುತ್ತೆ.

ವಾಸಿಯಾದ ಮೇಲೂ ಸುಸ್ತು ಯಾಕೆ?

ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರ, ಚಿಕಿತ್ಸೆ ಪಡೆದವರಲ್ಲಿ ಶೇಕಡಾ 5ರಿಂದ 10ರಷ್ಟು ಜನರಿಗೆ ಸುಸ್ತು, ಮೈಕೈ ನೋವು, ತಲೆಗೆ ವಿಷಯ ಹತ್ತದಿರೋದು ಆರು ತಿಂಗಳು ದಾಟಿಯೂ ಉಳಿಯುತ್ತೆ. ಕಾರಣ ವಿಜ್ಞಾನಿಗಳಿಗೆ ಇನ್ನೂ ಖಚಿತವಾಗಿಲ್ಲ. ಆದರೆ ತಿಂಗಳುಗಟ್ಟಲೆ ಆಂಟಿಬಯೋಟಿಕ್ ಮುಂದುವರಿಸಿದರೆ ಬಾಳಿಕೆ ಬರೋ ಪ್ರಯೋಜನ ಇಲ್ಲ, ಅಪಾಯವೇ ಹೆಚ್ಚು ಅಂತ ಪ್ರಯೋಗಗಳಲ್ಲಿ ಗೊತ್ತಾಗಿದೆ. ಸಮಾಧಾನದ ವಿಷಯ ಅಂದರೆ, ನಿಧಾನವಾದರೂ ಹೆಚ್ಚಿನವರು ಚೇತರಿಸಿಕೊಳ್ತಾರೆ.

ಇದು ಲೈಮ್‌ಗೆ ಮಾತ್ರ ಸೀಮಿತವೂ ಅಲ್ಲ. ಆಸ್ಟ್ರೇಲಿಯಾದ ಡಬ್ಬೋ ಪ್ರದೇಶದಲ್ಲಿ ಮೂರು ಬೇರೆ ಬೇರೆ ಸೋಂಕು ತಗುಲಿದ 253 ಜನರನ್ನ ಗಮನಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯ್ತು. ಸೋಂಕು ಯಾವುದೇ ಇರಲಿ, ಆರು ತಿಂಗಳ ನಂತರವೂ ಸುಮಾರು ಶೇಕಡಾ 12 ಜನ ಸುಸ್ತಿನಿಂದ ಹೊರಬಂದಿರಲಿಲ್ಲ. ನಮ್ಮ ಹಾಸ್ಟೆಲಲ್ಲೂ ಡೆಂಗಿ, ಚಿಕೂನ್‌ಗುನ್ಯಾ ಬಂದು ಹೋದವರನ್ನ ನೋಡಿದ್ದೀವಲ್ಲ. ಜ್ವರ ಬಿಟ್ಟರೂ ಮೆಟ್ಟಿಲು ಹತ್ತೋಕಾಗದೆ ಕೂತಿರ್ತಾರೆ.

ಒಳ್ಳೆಯ ದಿನವೇ ಅಪಾಯ

ಅಕ್ಕನಿಗೆ ಆಗಿದ್ದು ಇಷ್ಟು. ಆ ಶನಿವಾರ ಎದ್ದಾಗ ಮೈ ಹಗುರ ಅನ್ನಿಸಿತು. ಬೆಳಿಗ್ಗೆ ಬಟ್ಟೆ ಒಗೆದರು, ಮಧ್ಯಾಹ್ನ ಅಸೈನ್‌ಮೆಂಟ್ ಮುಗಿಸಿದರು, ಸಂಜೆ ಹಬ್ಬಕ್ಕೆ ಹೋದರು. ಆವತ್ತು ಏನೂ ಆಗಲಿಲ್ಲ. ಹೊಡೆತ ಬಿದ್ದಿದ್ದು ಮಾರನೇ ದಿನ. ಶ್ರಮಕ್ಕೂ ಸುಸ್ತಿಗೂ ನಡುವೆ ಹೀಗೆ ಒಂದೆರಡು ದಿನದ ಅಂತರ ಇರೋದರಿಂದಲೇ ಕಾರಣ ಗೊತ್ತಾಗಲ್ಲ.

ಹಳೇ ಫೋನಿನ ಬ್ಯಾಟರಿ ನೆನಪಿಸಿಕೊಳ್ಳಿ. ಶೇಕಡಾ 80 ತೋರಿಸ್ತಿರುತ್ತೆ, ಗೇಮ್ ಓಪನ್ ಮಾಡಿದ ತಕ್ಷಣ ಆಫ್. ಒಳಗಿನ ರೆಸಿಸ್ಟೆನ್ಸ್ ಹೆಚ್ಚಾಗಿರೋದರಿಂದ ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯುತ್ತೆ. ಅದೇ ಫೋನಲ್ಲಿ ಬರೀ ಮೆಸೇಜ್ ಮಾಡ್ತಿದ್ದರೆ ಎಷ್ಟೋ ಹೊತ್ತು ಬರುತ್ತೆ. ದೇಹದಲ್ಲಿ ನಡೆಯೋದು ಇದೇ ಅಂತ ನಾವು ಹೇಳ್ತಿಲ್ಲ, ಇದು ಹೋಲಿಕೆ ಅಷ್ಟೇ. ಆದರೆ ಉಪಾಯ ಮಾತ್ರ ಅದೇ: ಲೋಡ್ ಕಮ್ಮಿ ಇಟ್ಟುಕೊಳ್ಳೋದು.

ಅಕ್ಕ ಈಗ ಏನು ಮಾಡ್ತಾರೆ?

ಒಂದು, ದಿನಚರಿ. ಆವತ್ತು ಮಾಡಿದ ಕೆಲಸ, ಶಕ್ತಿಗೆ ಹತ್ತಕ್ಕೆ ಎಷ್ಟು ಮಾರ್ಕ್ಸ್, ಎರಡು ಸಾಲು. ಮೂರು ವಾರದಲ್ಲಿ ಯಾವುದು ಯಾವಾಗ ಬೀಳಿಸುತ್ತೆ ಅಂತ ಗೊತ್ತಾಯ್ತಂತೆ.

ಎರಡು, ಮಿತಿ. ಸಾಧಾರಣ ದಿನದಲ್ಲಿ ಎಷ್ಟು ಮಾಡಿದರೆ ಮಾರನೇ ದಿನ ಏನೂ ಆಗಲ್ವೋ ಅಷ್ಟೇ ಆ ದಿನದ ಮಿತಿ. ಒಳ್ಳೆಯ ದಿನವೂ ಅದನ್ನ ದಾಟಲ್ಲ. ಹಲವು ವಾರ ಸರಿಯಾಗಿ ನಡೆದರೆ ಮಾತ್ರ ಸ್ವಲ್ಪ ಹೆಚ್ಚಿಸ್ತಾರೆ.

ಮೂರು, ಸುಸ್ತಾಗೋ ಮುಂಚೆಯೇ ವಿಶ್ರಾಂತಿ. 20 ನಿಮಿಷ ಕೆಲಸ, 10 ನಿಮಿಷ ಕಣ್ಣು ಮುಚ್ಚಿ ಮಲಗೋದು. ರೀಲ್ಸ್ ನೋಡೋದು ವಿಶ್ರಾಂತಿ ಅಲ್ಲ. ಕೋಡ್ ಬರೆಯೋದು, ಫೋನಲ್ಲಿ ಹರಟೋದು ಕೂಡ ಕೆಲಸದ ಲೆಕ್ಕಕ್ಕೇ ಬರುತ್ತೆ.

ನಾಲ್ಕು, ಬಿದ್ದ ದಿನಕ್ಕೆ ಮೊದಲೇ ಪ್ಲಾನ್. ಫ್ರಿಜ್‌ನಲ್ಲಿ ಒಂದು ಡಬ್ಬಿ ಅನ್ನ-ಸಾರು, ಹಾಸಿಗೆ ಪಕ್ಕ ನೀರು, ಪ್ರೊಫೆಸರ್‌ಗೆ ಕಳಿಸೋಕೆ ರೆಡಿ ಇರೋ ಇಮೇಲ್. ಎದ್ದ ಮೇಲೆ ಬಾಕಿ ಕೆಲಸವನ್ನೆಲ್ಲ ಒಂದೇ ದಿನ ತೀರಿಸೋಕೆ ಹೋಗಬಾರದು. ಹೋದರೆ ಮತ್ತೆ ಅದೇ ಕಥೆ.

ಈ ರೀತಿ ಶಕ್ತಿಯನ್ನ ಅಳೆದು ಖರ್ಚು ಮಾಡೋ ಕ್ರಮ ದೀರ್ಘಕಾಲದ ಸುಸ್ತಿನ ರೋಗಿಗಳಿಂದ ಬಂದದ್ದು. ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಅಂಥ ರೋಗಿಗಳಿಗೆ ಇದನ್ನೇ ಹೇಳಿದೆ. ವ್ಯಾಯಾಮವನ್ನ ಲೆಕ್ಕ ಹಾಕಿ ಹೆಚ್ಚಿಸ್ತಾ ಹೋಗೋ ಹಳೆಯ ಪದ್ಧತಿ ಬೇಡ ಅಂದಿದೆ.

ಒಂದು ಎಚ್ಚರಿಕೆ. ಎಲ್ಲ ಸುಸ್ತೂ ಇದೇ ಅಂತ ಸುಮ್ಮನಿರಬೇಡಿ. ಹೊಸದಾಗಿ ಜ್ವರ, ಕೀಲು ಊತ, ಮುಖದ ಒಂದು ಕಡೆ ಜೋಲೋದು, ಎದೆಬಡಿತದಲ್ಲಿ ಏರುಪೇರು ಆದರೆ ಡಾಕ್ಟರ್ ಹತ್ತಿರ ಹೋಗಲೇಬೇಕು. ರಕ್ತಹೀನತೆ, ಥೈರಾಯ್ಡ್, ಖಿನ್ನತೆಯಿಂದಲೂ ಸುಸ್ತಾಗುತ್ತೆ.

ನಾವು ಮಾಡಬೇಕಾದ್ದು

"ನೋಡೋಕೆ ಚೆನ್ನಾಗೇ ಇದ್ದೀಯಲ್ಲ", "ಬೆಳಿಗ್ಗೆ ಎದ್ದು ಓಡು, ಸರಿಹೋಗುತ್ತೆ". ಈ ಮಾತುಗಳನ್ನ ನಾವೂ ಅಕ್ಕನಿಗೆ ಹೇಳಿದ್ದೆವು. ಅವರು ಮಿತಿ ಮೀರಿ ಓಡಾಡಿದ್ದಕ್ಕೆ ನಮ್ಮಂಥವರ ಮಾತೂ ಒಂದು ಕಾರಣ. ಸೋಮಾರಿ ಅನ್ನಿಸಿಕೊಳ್ಳಬಾರದು ಅಂತಲೇ ಹಬ್ಬಕ್ಕೆ ಹೋಗಿದ್ದರಂತೆ.

ನಿಮ್ಮ ರೂಮ್‌ಮೇಟ್ ಜ್ವರದಿಂದ ಎದ್ದು ವಾರಗಟ್ಟಲೆ ಸುಸ್ತು ಅಂದರೆ ಮೊದಲು ನಂಬಿ. ಮೆಸ್‌ನಿಂದ ತಟ್ಟೆ ತಂದುಕೊಡಿ, ಲ್ಯಾಬ್ ರೆಕಾರ್ಡ್ ತೋರಿಸಿ. ಪ್ಲಾನ್ ಕ್ಯಾನ್ಸಲ್ ಮಾಡಿದರೆ ಮುಖ ಊದಿಸಿಕೊಳ್ಳಬೇಡಿ, ಮುಂದಿನ ಸಲವೂ ಕರೀರಿ.

ಈ ಲೇಖನದ ಪ್ರೂಫ್ ಅಕ್ಕನೇ ನೋಡಿದ್ದು. ದಿನಕ್ಕೆ ಅರ್ಧ ಪುಟದಂತೆ ಆರು ದಿನ ತಗೊಂಡರು. ಸಂಚಿಕೆ ಎರಡು ದಿನ ತಡವಾಯ್ತು, ಪರವಾಗಿಲ್ಲ.