ಕಾಣದ ಗೆಳತಿಗೊಂದು ಕಾಗದ

ಅಮೆರಿಕದ ಅಯೋವಾ ರಾಜ್ಯದ ಡ್ಯಾನ್‌ವಿಲ್ ಎಂಬ ಪುಟ್ಟ ಊರಿನಲ್ಲಿ ಬರ್ಡಿ ಮ್ಯಾಥ್ಯೂಸ್ ಎಂಬ ಶಿಕ್ಷಕಿಯಿದ್ದರು. ತಮ್ಮ ಶಾಲೆಯ ಮಕ್ಕಳಿಗೆ ವಿದೇಶಗಳ ಪತ್ರಮಿತ್ರರನ್ನು ದೊರಕಿಸಿಕೊಡುವುದು ಅವರ ಹವ್ಯಾಸ. 1940ರಲ್ಲಿ ಅವರ ವಿದ್ಯಾರ್ಥಿನಿ, ಹತ್ತು ವರ್ಷದ ವಾನೀಟಾ ವ್ಯಾಗ್ನರ್, ಪಟ್ಟಿಯಲ್ಲಿದ್ದ ಆಮ್‌ಸ್ಟರ್‌ಡ್ಯಾಮಿನ ಸಮವಯಸ್ಕಳೊಬ್ಬಳಿಗೆ ಕಾಗದ ಬರೆದಳು. ಆ ಬಾಲಕಿಯೇ ಆನ್ ಫ್ರಾಂಕ್.

ಆನ್‌ಳ ಉತ್ತರಕ್ಕೆ ಏಪ್ರಿಲ್ 29ರ ದಿನಾಂಕವಿದೆ. ಅದರಲ್ಲಿ ಯುದ್ಧದ ಪ್ರಸ್ತಾಪವಿಲ್ಲ. ತನ್ನ ಮಾಂಟೆಸ್ಸೊರಿ ಶಾಲೆ, ಹುಟ್ಟುಹಬ್ಬ, ಸಂಗ್ರಹಿಸಿಟ್ಟ ಸುಮಾರು 800 ಚಿತ್ರಕಾರ್ಡುಗಳು, ಭೂಪಟದಲ್ಲಿ ಬರ್ಲಿಂಗ್ಟನ್ ಪಟ್ಟಣವನ್ನು ಹುಡುಕಿದ ಸಂಗತಿ ಇವೇ ಅದರ ವಿಷಯ. ಅಕ್ಕ ಮಾರ್ಗೊ ಮಾತ್ರ ವಾನೀಟಾಳ ಅಕ್ಕ ಬೆಟ್ಟಿಗೆ ಬರೆದ ಕಾಗದದಲ್ಲಿ, ಜರ್ಮನಿಯ ಗಡಿಗೆ ತಾಗಿದ ಸಣ್ಣ ದೇಶದ ಭಯವನ್ನು ಮೆಲ್ಲನೆ ಸೂಚಿಸಿದ್ದಳು. ಮೇ 10ರಂದು ಹಿಟ್ಲರನ ಸೇನೆ ನೆದರ್‌ಲ್ಯಾಂಡ್ಸ್‌ಗೆ ನುಗ್ಗಿತು. ಡ್ಯಾನ್‌ವಿಲ್‌ನ ಸೋದರಿಯರು ಬರೆದ ಮರುಪತ್ರಕ್ಕೆ ಜವಾಬು ಬರಲಿಲ್ಲ.

ಯುದ್ಧ ಮುಗಿದ ಮೇಲೆ ಬೆಟ್ಟಿ ಅದೇ ವಿಳಾಸಕ್ಕೆ ಮತ್ತೆ ಬರೆದಳು. ಮಕ್ಕಳಿಬ್ಬರೂ ಬದುಕಿಲ್ಲವೆಂದು ತಿಳಿಸಿದವರು ತಂದೆ ಒಟ್ಟೊ. ಅಷ್ಟರಲ್ಲಿ ಶಿಕ್ಷಕಿಯಾಗಿದ್ದ ಬೆಟ್ಟಿ ಆ ಪತ್ರವನ್ನು ತನ್ನ ತರಗತಿಯಲ್ಲಿ ಗಟ್ಟಿಯಾಗಿ ಓದಿದಳು. ಅಲ್ಲಿದ್ದ ಮಕ್ಕಳಿಗೆ ಸತ್ತವರ ಲೆಕ್ಕ ಸಿಗಲಿಲ್ಲ. ಚಿತ್ರಕಾರ್ಡು ಕೂಡಿಸುತ್ತಿದ್ದ ಹುಡುಗಿಯೊಬ್ಬಳು ಸಿಕ್ಕಳು.

ನಮ್ಮಲ್ಲಿ ಮಕ್ಕಳಿಂದ ಪತ್ರ ಬರೆಸುವಾಗ ಸೌಹಾರ್ದ, ವಿಶ್ವಶಾಂತಿಗಳೆಂಬ ಪ್ರಬಂಧ ಬರೆಸುವ ಉತ್ಸಾಹ ಹಿರಿಯರದು. (ಬಹುಮಾನ ವಿತರಣೆಯೂ ಇದ್ದರೆ ಮುಗಿದೇ ಹೋಯಿತು!) ಮಗುವಿಗೆ ಬೇಕಾದುದು ಆ ಕಡೆಯವರ ಮನೆಯ ತಿಂಡಿ ಯಾವುದು, ರಜೆ ಎಷ್ಟು ದಿನ, ಬೆಕ್ಕಿನ ಹೆಸರೇನು ಎಂಬಂಥ ಸಂಗತಿ. ಅಪರಿಚಿತ ಊರು ಮನುಷ್ಯರ ಊರಾಗುವುದು ಅಲ್ಲಿಂದಲೇ.

ಭಾರತದ ರೂಟ್ಸ್ ಟು ರೂಟ್ಸ್ ಮತ್ತು ಸಿಟಿಜನ್ಸ್ ಆರ್ಕೈವ್ ಆಫ್ ಪಾಕಿಸ್ತಾನ್ ಸಂಸ್ಥೆಗಳು 2010ರಲ್ಲಿ ಆರಂಭಿಸಿದ ‘ಎಕ್ಸ್‌ಚೇಂಜ್ ಫಾರ್ ಚೇಂಜ್’ ಯೋಜನೆಯಲ್ಲಿ ಎರಡೂ ದೇಶಗಳ ಶಾಲಾ ಮಕ್ಕಳು ಪತ್ರ, ಚಿತ್ರಗಳನ್ನು ವಿನಿಮಯ ಮಾಡಿಕೊಂಡರು. ಆದರೆ 2019ರ ಆಗಸ್ಟ್‌ನಲ್ಲಿ ಪಾಕಿಸ್ತಾನ ಭಾರತದೊಂದಿಗಿನ ಅಂಚೆಯನ್ನು ಕೆಲವು ತಿಂಗಳ ಕಾಲ ತಡೆಹಿಡಿಯಿತು. ಪಹಲ್ಗಾಮ್ ದಾಳಿಯ ಬೆನ್ನಿಗೆ, 2025ರ ಮೇ 3ರಂದು ಭಾರತವು ಪಾಕಿಸ್ತಾನದಿಂದ ಬರುವ ಅಂಚೆ, ಪಾರ್ಸೆಲ್‌ಗಳ ವಿನಿಮಯವನ್ನು ನಿಲ್ಲಿಸಿತು. ಭದ್ರತೆಯ ಕಾರಣವನ್ನು ಅಲ್ಲಗಳೆಯಲಾಗದು. ಆದರೆ ಇಂತಹ ಆದೇಶದಲ್ಲಿ ಸರಕಿನ ಕಟ್ಟಿಗೂ ಮಗುವಿನ ಕಾಗದಕ್ಕೂ ಭೇದ ಉಳಿಯುವುದಿಲ್ಲ ಎಂಬುದೂ ನಿಜ.

ಗಡಿಯಾಚೆಗಿನ ದಾರಿ ಕಷ್ಟವಾದರೆ ಹತ್ತಿರದಿಂದಲೇ ಆರಂಭಿಸಬಹುದು. ಜೋಳದ ರೊಟ್ಟಿಯ ಕಲಬುರಗಿಯ ಮಗುವಿಗೂ ಕಡುಬಿನ ಮಡಿಕೇರಿಯ ಮಗುವಿಗೂ ಪರಸ್ಪರ ಕೇಳಲು ಬೇಕಾದಷ್ಟಿದೆ; ಮನೆಮಾತೂ ಬೇರೆಯಿದ್ದೀತು. ಅಂಚೆ ಕಾರ್ಡಿನ ಬೆಲೆ ಇಂದಿಗೂ 50 ಪೈಸೆ. ಮಕ್ಕಳ ಸುರಕ್ಷತೆಗಾಗಿ ಮನೆಯ ಬದಲು ಶಾಲೆಯ ವಿಳಾಸ ಕೊಡಲಿ, ಶಿಕ್ಷಕರು ಒಮ್ಮೆ ಓದಿ ನೋಡಲಿ. ಕಾಗುಣಿತ ತಿದ್ದುವ ಕೆಂಪು ಶಾಯಿಯನ್ನು ಮಾತ್ರ ಆ ಹೊತ್ತು ಮೇಜಿನೊಳಗಿಟ್ಟಿರಲಿ.