ಮಕ್ಕಳ ಕಾಲೇಜು ಪ್ರವೇಶ: ಸಿದ್ಧತೆ ಪ್ರೌಢಶಾಲೆಯಿಂದಲೇ ಆಗಲಿ

ದೀಪಾವಳಿಯ ಮಾರಾಟಕ್ಕೆ ಬೇಕಾದ ಸರಕನ್ನು ವರ್ತಕರು ಆಷಾಢದಲ್ಲಿಯೇ ಗೊತ್ತುಪಡಿಸುತ್ತಾರೆ. ಹೊಸ ಯಂತ್ರ ಕೊಳ್ಳಬೇಕಾದ ತಯಾರಕರು ಅದರ ಉತ್ಪಾದನಾ ಸಾಮರ್ಥ್ಯ, ಸಾಲದ ಕಂತು, ಬಿಡಿಭಾಗಗಳ ಲಭ್ಯತೆ ಇವೆಲ್ಲವನ್ನೂ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಆದರೆ ಇದೇ ಜಾಗರೂಕತೆಯು ಮನೆಯ ಮಕ್ಕಳ ಕಾಲೇಜು ಪ್ರವೇಶದ ವಿಷಯದಲ್ಲಿ ಬಹುಮಟ್ಟಿಗೆ ಕಂಡುಬರುವುದಿಲ್ಲ. ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಓಡಾಟ ಆರಂಭವಾಗುತ್ತದೆ. ಕೆಲವೇ ದಿನಗಳಲ್ಲಿ ಲಕ್ಷಾಂತರ ರೂಪಾಯಿಗಳ ನಿರ್ಧಾರ ಕೈಗೊಳ್ಳಲಾಗುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡುವ ಈ ಪದ್ಧತಿಯಿಂದ ವಿದ್ಯಾರ್ಥಿಗೂ ನಷ್ಟ, ವ್ಯವಹಾರಕ್ಕೂ ನಷ್ಟ.

ಒಂದು ಕಲ್ಪಿತ ಉದಾಹರಣೆಯನ್ನು ಪರಿಶೀಲಿಸಬಹುದು. ತಾಲ್ಲೂಕು ಕೇಂದ್ರವೊಂದರಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಉದ್ಯಮಿಯೊಬ್ಬರ ಮಗಳು ಏಳನೆಯ ತರಗತಿಯವರೆಗೆ ಸಮೀಪದ ಹಳ್ಳಿಯ ಶಾಲೆಯಲ್ಲಿ ಓದಿ, ಎಂಟನೆಯ ತರಗತಿಗೆ ನಗರದ ಶಾಲೆಗೆ ಸೇರಿದಳು. ಗಿಡಮರಗಳಲ್ಲಿ, ಬೇಸಾಯದಲ್ಲಿ ಆಕೆಗೆ ಆಸಕ್ತಿ. ಆದರೆ ನೆರೆಹೊರೆಯವರ ಮಕ್ಕಳು ಆಯ್ದುಕೊಂಡರೆಂದು ಪಿಯುಸಿಯಲ್ಲಿ ಜೀವಶಾಸ್ತ್ರದ ಬದಲು ಗಣಕ ವಿಜ್ಞಾನವನ್ನು ಕೊಡಿಸಲಾಯಿತು. ಸಿಇಟಿಯಲ್ಲಿ ದೊರೆತ ರ‍್ಯಾಂಕಿಗೆ ಬಯಸಿದ ಎಂಜಿನಿಯರಿಂಗ್ ವಿಭಾಗ ಸಿಗಲಿಲ್ಲ. ಆಡಳಿತ ಮಂಡಳಿ ಕೋಟಾದ ಸೀಟಿಗಾಗಿ ತಂದೆ ಕ್ಯಾಷ್ ಕ್ರೆಡಿಟ್ ಖಾತೆಯಿಂದ ಐದು ಲಕ್ಷ ರೂಪಾಯಿ ತೆಗೆದರು. ಕಚ್ಚಾಮಾಲಿನ ಬಾಕಿ ಉಳಿಯಿತು, ಪೂರೈಕೆದಾರರು ಉದ್ದರಿ ನಿಲ್ಲಿಸಿದರು, ಗ್ರಾಹಕರಿಗೆ ಸರಕು ತಲಪುವುದು ತಡವಾಯಿತು. ಇಲ್ಲಿ ಮೂರು ತಪ್ಪುಗಳಾಗಿವೆ: ವಿಷಯದ ಆಯ್ಕೆಯಲ್ಲಿ ಒಂದು, ದಾಖಲೆಯಲ್ಲಿ ಒಂದು, ಹಣದ ಏರ್ಪಾಡಿನಲ್ಲಿ ಒಂದು. ಮೂರನ್ನೂ ಪ್ರೌಢಶಾಲೆಯ ಹಂತದಲ್ಲಿಯೇ ತಪ್ಪಿಸಬಹುದಿತ್ತು.

ಮೊದಲನೆಯದು: ವಿಷಯಗಳ ಆಯ್ಕೆ

ಕಾಲೇಜಿನ ಬಾಗಿಲು ತೆರೆಯುವುದು ದ್ವಿತೀಯ ಪಿಯುಸಿಯ ನಂತರವಾದರೂ, ಯಾವ ಬಾಗಿಲುಗಳು ಮುಚ್ಚಬೇಕೆಂಬುದು ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ನಿರ್ಧಾರವಾಗಿಬಿಡುತ್ತದೆ. ಸಿಇಟಿ ಮೂಲಕ ಎಂಜಿನಿಯರಿಂಗ್ ಪ್ರವೇಶಕ್ಕೆ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಇಲ್ಲಿ ರ‍್ಯಾಂಕ್ ನಿಗದಿಯಾಗುವುದು ಪಿಯುಸಿ ಅಂಕಗಳಿಗೂ ಸಿಇಟಿ ಅಂಕಗಳಿಗೂ ಸಮಪಾಲು ನೀಡಿ. ಆದುದರಿಂದ ಪ್ರವೇಶ ಪರೀಕ್ಷೆಯೊಂದನ್ನೇ ನಂಬಿ ಕಾಲೇಜಿನ ಪಾಠವನ್ನು ಅಲಕ್ಷಿಸುವುದು ಸರಿಯಲ್ಲ. ವೈದ್ಯಕೀಯಕ್ಕೆ ಜೀವಶಾಸ್ತ್ರ ಅಗತ್ಯ, ಪ್ರವೇಶ ನೀಟ್ ಪರೀಕ್ಷೆಯ ಮೂಲಕ ಮಾತ್ರ. ಪಿಯುಸಿಯ ನಂತರ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಓದಿದವರಿಗೂ ನೀಟ್ ಅರ್ಹತೆ ನೀಡಲು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರಲ್ಲಿ ಅವಕಾಶ ಕಲ್ಪಿಸಿದೆಯಾದರೂ, ಅದಕ್ಕೆ ಬೇಕಾಗುವ ಸಮಯ ವಿದ್ಯಾರ್ಥಿಯ ಆಯುಷ್ಯದಿಂದಲೇ ಹೋಗುತ್ತದೆ. ಕೃಷಿ ಪದವಿಯ ದಾರಿಯೂ ಜೀವಶಾಸ್ತ್ರದ ಮೂಲಕವೇ ಸಾಗುತ್ತದೆ. ಮೇಲಿನ ಉದಾಹರಣೆಯ ಹುಡುಗಿಗೆ ಮುಚ್ಚಿದ್ದು ಈ ಬಾಗಿಲು. ವಾಸ್ತುಶಿಲ್ಪಕ್ಕೆ ಗಣಿತದ ಜೊತೆಗೆ ನಾಟಾ ಎಂಬ ಪ್ರತ್ಯೇಕ ಪರೀಕ್ಷೆ ಇದೆ.

ವಾಣಿಜ್ಯ ವಿಭಾಗದಲ್ಲಿಯೂ ಆಯ್ಕೆ ಮುಖ್ಯ. ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರಗಳ ಜೊತೆಗೆ ಇತಿಹಾಸ, ಸಂಖ್ಯಾಶಾಸ್ತ್ರ, ಗಣಕ ವಿಜ್ಞಾನ, ಮೂಲಗಣಿತ ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ‘ಸುಲಭ’ ಎಂಬ ಒಂದೇ ಕಾರಣದಿಂದ ತೀರ್ಮಾನಿಸಬಾರದು. ದೆಹಲಿ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಆನರ್ಸ್ ಪದವಿಗೆ ಗಣಿತ ಬೇಕು. ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಪ್ರವೇಶಕ್ಕಾಗಿ 2022ರಿಂದ ಸಿಯುಇಟಿ ಪರೀಕ್ಷೆ ಜಾರಿಯಲ್ಲಿದೆ. ಲೆಕ್ಕಪರಿಶೋಧನಾ ವೃತ್ತಿಯ ಫೌಂಡೇಷನ್ ಪರೀಕ್ಷೆಯಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರವನ್ನೊಳಗೊಂಡ ಪತ್ರಿಕೆಯೇ ಇದೆ. 2023ರಲ್ಲಿ ಜಾರಿಗೆ ಬಂದ ಹೊಸ ಪದ್ಧತಿಯಲ್ಲಿ ಈ ವೃತ್ತಿಯ ಪ್ರಾಯೋಗಿಕ ತರಬೇತಿಯ ಅವಧಿಯು ಮೂರು ವರ್ಷಗಳಿಂದ ಎರಡಕ್ಕೆ ಇಳಿದಿದೆ.

ಸಣ್ಣ ತಯಾರಕರು ಮರೆಯಬಾರದ ಇನ್ನೊಂದು ದಾರಿ ಇದೆ. ಎಸ್ಸೆಸ್ಸೆಲ್ಸಿಯ ನಂತರ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಮೂಲಕ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. 1972ರಲ್ಲಿ ಡೆನ್ಮಾರ್ಕಿನ ಸಹಕಾರದೊಂದಿಗೆ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಈಗ ರಾಜ್ಯದ ಹಲವೆಡೆ ಅಚ್ಚು ಮತ್ತು ಉಪಕರಣ ತಯಾರಿಕೆಯ ಡಿಪ್ಲೊಮಾ ನೀಡುತ್ತಿದೆ. ಕಾರ್ಖಾನೆಯನ್ನು ಮುಂದುವರಿಸಬೇಕಾದ ಮಕ್ಕಳಿಗೆ, ಮನಸ್ಸಿಲ್ಲದೆ ಪಡೆದ ಪದವಿಗಿಂತ ಇಂತಹ ಶಿಕ್ಷಣ ಹೆಚ್ಚು ಉಪಯುಕ್ತವಾಗಬಹುದು.

ಮಾರ್ಗದರ್ಶಕರು ಯಾರು?

ಒಂಬತ್ತು, ಹತ್ತನೆಯ ತರಗತಿಗಳಲ್ಲಿ ಶೈಕ್ಷಣಿಕ ಸಲಹೆ ಬೇಕಾಗುವುದು ಈ ಕಾರಣಕ್ಕಾಗಿ. ಉತ್ತಮ ಸಲಹೆಗಾರರು ಮೊದಲು ವಿದ್ಯಾರ್ಥಿಯ ಮಾತನ್ನು ಕೇಳುತ್ತಾರೆ. ಎರಡು ಮೂರು ವರ್ಷಗಳ ಅಂಕಗಳನ್ನು ವಿಷಯವಾರು ನೋಡುತ್ತಾರೆ. ಅಭಿರುಚಿ ಪರೀಕ್ಷೆ ನಡೆಸಿದರೂ ಅದೊಂದನ್ನೇ ಅಂತಿಮವೆಂದು ಹೇಳುವುದಿಲ್ಲ. ಒಂದು ಮುಖ್ಯ ಗುರಿಯ ಜೊತೆಗೆ ಎರಡು ಪರ್ಯಾಯಗಳನ್ನು ಸೂಚಿಸುತ್ತಾರೆ. ಪೂರ್ಣಾವಧಿ ಸಲಹೆಗಾರರಿಲ್ಲದ ಶಾಲೆಗಳು ನಮ್ಮಲ್ಲಿ ಅನೇಕ. ಅಂತಹ ಕಡೆ ಗಣಿತ ಮತ್ತು ವಿಜ್ಞಾನದ ಶಿಕ್ಷಕರನ್ನು ವರ್ಷಕ್ಕೆ ಎರಡು ಬಾರಿ ಭೇಟಿ ಮಾಡಿ, ‘ಅಂಕ ಎಷ್ಟು?’ ಎಂಬುದರ ಬದಲು ‘ಯಾವುದನ್ನು ತಾನಾಗಿಯೇ ಓದುತ್ತಾಳೆ? ಎಲ್ಲಿ ತಡವರಿಸುತ್ತಾಳೆ?’ ಎಂದು ಕೇಳಿದರೂ ಅರ್ಧ ಕೆಲಸ ಆದಂತೆಯೇ.

ಸಲಹೆಗಾರರಿಗೂ ಸೀಟು ಕೊಡಿಸುವ ಮಧ್ಯವರ್ತಿಗೂ ಇರುವ ಅಂತರವನ್ನು ವರ್ತಕರು ಸುಲಭವಾಗಿ ಗುರುತಿಸಬಲ್ಲರು. ದಲಾಲಿ ಯಾರಿಂದ ಬರುತ್ತದೆಯೋ ಮಾತು ಅವರ ಪರವಾಗಿರುತ್ತದೆ. ‘ಕಾಲೇಜಿನಿಂದ ತಮಗೆ ಕಮಿಷನ್ ಬರುತ್ತದೆಯೇ?’ ಎಂದು ನೇರವಾಗಿ ಕೇಳುವುದರಲ್ಲಿ ಸಂಕೋಚ ಬೇಡ. ಕ್ಯಾಪಿಟೇಷನ್ ಶುಲ್ಕವನ್ನು ಕರ್ನಾಟಕದಲ್ಲಿ 1984ರ ಕಾಯಿದೆಯೇ ನಿಷೇಧಿಸಿದೆ. ರಸೀದಿ ಇಲ್ಲದೆ ನಗದಾಗಿ ಕೊಟ್ಟ ಹಣಕ್ಕೆ ಲೆಕ್ಕವೂ ಇಲ್ಲ, ಸೀಟು ಸಿಗದಿದ್ದರೆ ಕೇಳುವ ದಾರಿಯೂ ಇಲ್ಲ.

ಎರಡನೆಯದು: ದಾಖಲೆಗಳು

1994ರಲ್ಲಿ ಸಿಇಟಿ ಘಟಕ ಸ್ಥಾಪನೆಯಾದಂದಿನಿಂದ ವೃತ್ತಿ ಶಿಕ್ಷಣದ ಪ್ರವೇಶ ವ್ಯವಸ್ಥೆ ಅನೇಕ ಬಾರಿ ಬದಲಾಗಿದೆ. ಆದರೆ ಅರ್ಹತೆಯನ್ನು ಕಾಗದದ ಮೇಲೆ ತೋರಿಸಬೇಕೆಂಬ ನಿಯಮ ಬದಲಾಗಿಲ್ಲ. ಸರ್ಕಾರಿ ಸೀಟಿಗೆ ಸಾಮಾನ್ಯವಾಗಿ ರಾಜ್ಯದಲ್ಲಿ ಕನಿಷ್ಠ 7 ವರ್ಷ ವ್ಯಾಸಂಗ ಮಾಡಿರಬೇಕು. ವ್ಯಾಪಾರದ ನಿಮಿತ್ತ ಕುಟುಂಬ ಬೇರೆ ರಾಜ್ಯಗಳಲ್ಲಿ ನೆಲೆಸಿದ್ದರೆ, ಅಥವಾ ಮಗುವನ್ನು ಹೊರರಾಜ್ಯದ ವಸತಿ ಶಾಲೆಗೆ ಕಳುಹಿಸುವ ಯೋಚನೆಯಿದ್ದರೆ, ಈ ವರ್ಷಗಳ ಲೆಕ್ಕವನ್ನು ಮೊದಲೇ ಹಾಕಬೇಕು.

ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಹತ್ತು ವರ್ಷಗಳೂ ಪೂರ್ಣವಾಗಿರಬೇಕೆಂಬುದು ಇಲ್ಲಿನ ಮುಖ್ಯಾಂಶ. ಉದಾಹರಣೆಯ ಉದ್ಯಮಿ ಮಗಳನ್ನು ಎಂಟನೆಯ ತರಗತಿಗೆ ನಗರಕ್ಕೆ ಕಳುಹಿಸಿದಾಗ ಏಳು ವರ್ಷಗಳ ಗ್ರಾಮೀಣ ವ್ಯಾಸಂಗ ಲೆಕ್ಕಕ್ಕೆ ಬಾರದೆ ಹೋಯಿತು. ನಗರದ ಶಾಲೆಗೆ ಸೇರಿಸುವುದು ತಪ್ಪಲ್ಲ. ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದನ್ನು ತಿಳಿಯದೆ ಸೇರಿಸುವುದು ತಪ್ಪು. ಕಲ್ಯಾಣ ಕರ್ನಾಟಕದ ಕುಟುಂಬಗಳು ಸಂವಿಧಾನದ 371ಜೆ ವಿಧಿಯ ಅನ್ವಯ ದೊರೆಯುವ ಸ್ಥಳೀಯ ಅರ್ಹತಾ ಪ್ರಮಾಣಪತ್ರವನ್ನೂ ಸಕಾಲದಲ್ಲಿ ಪಡೆದಿರಬೇಕು.

ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯ ಅರ್ಜಿ ಇವೆಲ್ಲ ಒಂದು ದಿನದ ಕೆಲಸವಲ್ಲ. ಶಾಲಾ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಒಂಬತ್ತನೆಯ ತರಗತಿಯಲ್ಲಿಯೇ ಸರಿಪಡಿಸುವುದು ಸುಲಭ. ಆದಾಯ ಪ್ರಮಾಣಪತ್ರದಲ್ಲಿನ ಮೊತ್ತಕ್ಕೂ ಸಲ್ಲಿಸಿದ ಆದಾಯ ತೆರಿಗೆ ವಿವರಕ್ಕೂ ತಾಳೆಯಾಗದಿದ್ದರೆ ಮುಂದೆ ತೊಂದರೆ ತಪ್ಪದು. ವಾರ್ಷಿಕ ಕುಟುಂಬ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರುವವರಿಗೆ ಎಂಜಿನಿಯರಿಂಗ್‌ನಲ್ಲಿ ಬೋಧನಾ ಶುಲ್ಕ ವಿನಾಯಿತಿಯ ಶೇ. 5 ಹೆಚ್ಚುವರಿ ಸೀಟುಗಳಿವೆ. ಅನೇಕ ಸಣ್ಣ ವರ್ತಕರು ಇದಕ್ಕೆ ಅರ್ಹರಾಗಿದ್ದರೂ ಅರ್ಜಿಯಲ್ಲಿ ಕೇಳಿಕೊಳ್ಳುವುದಿಲ್ಲ.

ಸೀಟು ಹಂಚಿಕೆಯ ವಿಧಾನವನ್ನೂ ಮುಂಚಿತವಾಗಿ ಅರಿತಿರಬೇಕು. ಕಾಲೇಜು ಮತ್ತು ವಿಭಾಗಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸಬೇಕು. ಆ ಕ್ರಮವೇ ಅಂತಿಮ. ಸೀಟು ದೊರೆತ ಮೇಲೆ ಒಪ್ಪಿ ಸೇರುವುದು, ಒಪ್ಪಿಯೂ ಮೇಲಿನ ಆದ್ಯತೆಗಾಗಿ ಕಾಯುವುದು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಹೊರಬರುವುದು ಎಂಬ ನಾಲ್ಕು ಆಯ್ಕೆಗಳಿರುತ್ತವೆ. ಇದನ್ನು ಸೈಬರ್ ಅಂಗಡಿಯವರ ಕೈಗೆ ಒಪ್ಪಿಸಿ ಬರುವುದು, ಸಹಿ ಮಾಡಿದ ಖಾಲಿ ಚೆಕ್ಕನ್ನು ಕೊಟ್ಟು ಬಂದಂತೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆಯಾ ವರ್ಷದ ಮಾಹಿತಿ ಪುಸ್ತಕವನ್ನೇ ಆಧಾರವಾಗಿಟ್ಟುಕೊಳ್ಳಬೇಕು.

ಮೂರನೆಯದು: ಹಣದ ಏರ್ಪಾಡು

ನಾಲ್ಕು ವರ್ಷದ ವ್ಯಾಸಂಗಕ್ಕೆ ಇಂದು ಒಟ್ಟು 5 ಲಕ್ಷ ರೂಪಾಯಿ ಬೇಕೆಂದೂ, ವೆಚ್ಚ ವರ್ಷಕ್ಕೆ ಶೇ. 8ರಂತೆ ಏರುವುದೆಂದೂ ಭಾವಿಸಿದರೆ ಆರು ವರ್ಷಗಳ ನಂತರ ಬೇಕಾಗುವ ಮೊತ್ತ ಸುಮಾರು 7,93,000 ರೂಪಾಯಿ. ಶೇ. 7ರ ಪ್ರತಿಫಲ ಸಿಗುವುದಾದರೆ, ಏಳನೆಯ ತರಗತಿಯಿಂದಲೇ ಆರಂಭಿಸಿದವರು ತಿಂಗಳಿಗೆ ಸುಮಾರು 8,900 ರೂಪಾಯಿ ತೆಗೆದಿಡಬೇಕು. ಪ್ರಥಮ ಪಿಯುಸಿಯಲ್ಲಿ ಎಚ್ಚೆತ್ತವರು ಅದೇ ಮೊತ್ತಕ್ಕೆ ತಿಂಗಳಿಗೆ ಸುಮಾರು 30,900 ರೂಪಾಯಿ ಇಡಬೇಕಾಗುತ್ತದೆ. ಶುಲ್ಕವನ್ನು ವರ್ಷವರ್ಷವೂ ಕಟ್ಟುವುದರಿಂದ ಪೂರ್ಣ ಮೊತ್ತ ಒಮ್ಮೆಗೇ ಬೇಕಾಗದಿದ್ದರೂ, ತಡದ ಬೆಲೆ ಎಷ್ಟೆಂಬುದು ಇದರಿಂದ ಸ್ಪಷ್ಟ. ಹೆಣ್ಣುಮಕ್ಕಳ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆಯಿಂದ ಹತ್ತನೆಯ ತರಗತಿ ಉತ್ತೀರ್ಣವಾದ ಬಳಿಕ ಅಥವಾ 18 ವರ್ಷ ತುಂಬಿದ ಮೇಲೆ, ಹಿಂದಿನ ಹಣಕಾಸು ವರ್ಷಾಂತ್ಯದ ಶಿಲ್ಕಿನ ಅರ್ಧದವರೆಗೆ ಶಿಕ್ಷಣಕ್ಕಾಗಿ ತೆಗೆಯಬಹುದು.

ಉಳಿತಾಯ ಸಾಲದಿದ್ದಾಗ ವ್ಯವಹಾರದ ಹಣಕ್ಕೆ ಕೈಹಾಕುವ ಮೊದಲು ಶೈಕ್ಷಣಿಕ ಸಾಲವನ್ನು ಪರಿಶೀಲಿಸಬೇಕು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಭದ್ರತೆ ಕೇಳುವುದಿಲ್ಲ; 2015ರ ಸಾಲ ಖಾತರಿ ನಿಧಿ ಯೋಜನೆಯಡಿ ಈ ಸೌಲಭ್ಯ 7.5 ಲಕ್ಷದವರೆಗೆ ಇದೆ. ಮರುಪಾವತಿ ವ್ಯಾಸಂಗ ಮುಗಿದು ಒಂದು ವರ್ಷದ ಬಳಿಕ ಆರಂಭ. ಆಯ್ದ ಗುಣಮಟ್ಟದ ಸಂಸ್ಥೆಗಳಿಗೆ ಸೇರುವವರಿಗಾಗಿ ಕೇಂದ್ರ ಸರ್ಕಾರವು 2024ರ ನವೆಂಬರಿನಲ್ಲಿ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ನೀಡಿದೆ. ಆಡಳಿತ ಮಂಡಳಿ ಕೋಟಾದ ಸೀಟಿಗೆ ಎಲ್ಲ ಸಾಲ ಯೋಜನೆಗಳೂ ಅನ್ವಯಿಸುವುದಿಲ್ಲವಾದುದರಿಂದ ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಬೇಕು. ತಂದೆ ಅಥವಾ ತಾಯಿ ಸಹಸಾಲಗಾರರಾಗುವುದರಿಂದ ಅಂಗಡಿಯ ಸಾಲದ ಕಂತು ತಪ್ಪಿದ್ದರೆ ಅದರ ಪರಿಣಾಮ ಮಗುವಿನ ಅರ್ಜಿಯ ಮೇಲೂ ಆಗುತ್ತದೆ.

ತೆರಿಗೆಯ ದೃಷ್ಟಿಯಿಂದಲೂ ವ್ಯತ್ಯಾಸವಿದೆ. 1961ರ ಆದಾಯ ತೆರಿಗೆ ಕಾಯಿದೆಯ 80ಇ ಕಲಮಿನಂತೆ ಶೈಕ್ಷಣಿಕ ಸಾಲದ ಬಡ್ಡಿಯನ್ನು, ಯಾವುದೇ ಮೊತ್ತದ ಮಿತಿಯಿಲ್ಲದೆ, ಎಂಟು ವರ್ಷಗಳವರೆಗೆ ಕಳೆಯಬಹುದು. ಇದು ವ್ಯಕ್ತಿಗಳಿಗೆ ಮಾತ್ರ. ಪಾಲುದಾರಿಕೆ ಸಂಸ್ಥೆಗೂ ಹಿಂದೂ ಅವಿಭಕ್ತ ಕುಟುಂಬಕ್ಕೂ ಇಲ್ಲ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ ಈ ರಿಯಾಯಿತಿ. 80ಸಿ ಅನ್ವಯ ಬೋಧನಾ ಶುಲ್ಕಕ್ಕೆ ಸಿಗುವ ಕಡಿತವೂ ಹಾಗೆಯೇ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆಗಳು ಬದಲಾಗಿರುವುದನ್ನು ಗಮನಿಸಬೇಕು.

ಇದಕ್ಕೆ ವ್ಯತಿರಿಕ್ತವಾಗಿ ಅಂಗಡಿಯ ಖಾತೆಯಿಂದ ಕಟ್ಟಿದ ಶುಲ್ಕ ಮಾಲೀಕರ ಸ್ವಂತ ಹಿಂತೆಗೆತವೇ ಹೊರತು ವ್ಯವಹಾರದ ಖರ್ಚಲ್ಲ. ಅದಕ್ಕೆ ತಗಲುವ ಕ್ಯಾಷ್ ಕ್ರೆಡಿಟ್ ಬಡ್ಡಿಯನ್ನೂ ತೆರಿಗೆ ಅಧಿಕಾರಿಗಳು ಒಪ್ಪದಿರಬಹುದು. ಪಾಲುದಾರಿಕೆಯಲ್ಲಿ ಅದು ಆ ಪಾಲುದಾರರ ಬಂಡವಾಳ ಖಾತೆಗೆ ಖರ್ಚು ಬೀಳಬೇಕು. ಖಾಸಗಿ ಕಂಪನಿಯಿಂದ ಪ್ರಮುಖ ಷೇರುದಾರರಿಗೆ ಸಾಲವಾಗಿ ಕೊಟ್ಟರೆ ಲಾಭಾಂಶವೆಂದು ಪರಿಗಣಿಸಿ ತೆರಿಗೆ ವಿಧಿಸುವ ಅಪಾಯವಿದೆ. ದುಡಿಯುವ ಬಂಡವಾಳದ ಸಾಲವನ್ನು ಬೇರೆ ಉದ್ದೇಶಕ್ಕೆ ಬಳಸಿದ್ದು ಬ್ಯಾಂಕಿನ ಗಮನಕ್ಕೆ ಬಂದರೆ ಮುಂದಿನ ಮಿತಿ ನವೀಕರಣಕ್ಕೂ ತೊಡಕಾದೀತು.

ವರ್ಷವಾರು ಕಾರ್ಯಸೂಚಿ

ಏಳು ಮತ್ತು ಎಂಟನೆಯ ತರಗತಿ: ಉಳಿತಾಯ ಆರಂಭ, ಶಾಲೆ ಬದಲಿಸುವ ಮೊದಲು ಮೀಸಲಾತಿಯ ಪರಿಶೀಲನೆ.

ಒಂಬತ್ತನೆಯ ತರಗತಿ: ಹೆಸರು, ಜನ್ಮದಿನಾಂಕಗಳ ತಾಳೆ; ಶಿಕ್ಷಕರೊಂದಿಗೆ ಅಭಿರುಚಿಯ ಚರ್ಚೆ.

ಹತ್ತನೆಯ ತರಗತಿ: ಮುಖ್ಯ ಗುರಿ, ಎರಡು ಪರ್ಯಾಯ, ಅವುಗಳಿಗೆ ಬೇಕಾದ ವಿಷಯಗಳ ಪಟ್ಟಿ, ಆನಂತರವೇ ಕಾಲೇಜಿನ ಆಯ್ಕೆ.

ಪ್ರಥಮ ಪಿಯುಸಿ: ಬರೆಯಬೇಕಾದ ಪ್ರವೇಶ ಪರೀಕ್ಷೆಗಳ ನಿರ್ಧಾರ, ಬ್ಯಾಂಕಿನಲ್ಲಿ ಪ್ರಾಥಮಿಕ ವಿಚಾರಣೆ.

ದ್ವಿತೀಯ ಪಿಯುಸಿ: ಎಲ್ಲ ಪ್ರಮಾಣಪತ್ರಗಳು ಡಿಸೆಂಬರ್ ಒಳಗೆ ಸಿದ್ಧ, ಪರೀಕ್ಷೆಗೆ ಮುನ್ನವೇ ಕಾಲೇಜುಗಳ ಕರಡು ಪಟ್ಟಿ. ದ್ವಿತೀಯ ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿರುವುದರಿಂದ, ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಎದೆಗುಂದಬೇಕಿಲ್ಲ.

ಮೇಲಿನ ಉದಾಹರಣೆಯ ಉದ್ಯಮಿಯ ಐದು ಲಕ್ಷ ರೂಪಾಯಿ ಎರಡು ಮೂರು ವರ್ಷಗಳ ದುಡಿಮೆಯಿಂದ ಮರಳಿ ಬಂದೀತು. ಪೂರೈಕೆದಾರರ ವಿಶ್ವಾಸವನ್ನೂ ನಿಧಾನವಾಗಿ ಗಳಿಸಿಕೊಳ್ಳಬಹುದು. ಆದರೆ ಆಸಕ್ತಿಯಿಲ್ಲದ ವಿಷಯದಲ್ಲಿ ಮಗಳು ಕಳೆಯುವ ನಾಲ್ಕು ವರ್ಷಗಳನ್ನು ಯಾವ ಖಾತೆಗೂ ಮರಳಿ ಜಮಾ ಮಾಡಲಾಗದು. ಹತ್ತನೆಯ ತರಗತಿಯ ಒಂದು ಸಂಜೆ, ಅಂಗಡಿ ಮುಚ್ಚಿದ ಮೇಲೆ, ‘ನಿನಗೆ ಏನು ಓದಬೇಕೆನಿಸುತ್ತದೆ?’ ಎಂದು ಮಗಳನ್ನು ಕೇಳಿ, ಉತ್ತರವನ್ನು ಕೊನೆಯವರೆಗೆ ಕೇಳಿಸಿಕೊಂಡಿದ್ದರೆ ಆ ನಷ್ಟ ತಪ್ಪುತ್ತಿತ್ತು. ಅದಕ್ಕೆ ತಗಲುತ್ತಿದ್ದುದು ಒಂದು ಗಂಟೆಯ ಸಮಯ ಮಾತ್ರ.